ಒಂದನೇ ಕ್ಲಾಸಿನ ಟೀಚರ್ ಆಗಬೇಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಾಥಮಿಕ ಶಾಲಾ ಶಿಕ್ಷಕರಾಗುವ ಬಗ್ಗೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಎರಡನೇ ಪಿಯುಸಿ ಮುಗಿಸಿದ್ದೇನೆ. ಚಿಕ್ಕ ಮಕ್ಕಳಿಗೆ ಕಲಿಸುವ ಆಸೆ. ಮನೆಯಲ್ಲಿ "ಮೊದಲು ಡಿಗ್ರಿ, ಆಮೇಲೆ ಬಿ.ಎಡ್. ಮಾಡು, ಎಲ್ಲದಕ್ಕೂ ಆಗುತ್ತದೆ" ಎನ್ನುತ್ತಾರೆ. ಹೌದೇ? (ವಿದ್ಯಾರ್ಥಿನಿ, ಕಾರ್ಕಳ)

ಎಲ್ಲದಕ್ಕೂ ಆಗುವುದಿಲ್ಲ. ನಿಮಗೆ ಯಾವ ತರಗತಿಯ ಮಕ್ಕಳು ಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಕೋರ್ಸು ಆಮೇಲೆ. 1ರಿಂದ 5ನೇ ತರಗತಿಗೆ ಬೇಕಾದದ್ದು ಡಿ.ಎಲ್.ಎಡ್. ಹಿಂದೆ ಟಿಸಿಎಚ್, ಆಮೇಲೆ ಡಿ.ಎಡ್. ಎಂದು ಕರೆಯುತ್ತಿದ್ದ ಎರಡು ವರ್ಷದ ತರಬೇತಿಯೇ ಇದು. ಪಿಯುಸಿಯಲ್ಲಿ ಶೇ. 50 ಅಂಕ ಇರಬೇಕು, ಮೀಸಲಾತಿ ವರ್ಗಗಳಿಗೆ ಸಡಿಲಿಕೆ ಉಂಟು. ಬಿ.ಎಡ್. ಮಾಡಿದವರೂ ಈ ತರಗತಿಗಳಿಗೆ ಅರ್ಹರು ಎಂದು 2018ರಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಹೊರಡಿಸಿದ್ದ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತಳ್ಳಿಹಾಕಿತು. ಮನೆಯವರು ಹೇಳುತ್ತಿರುವುದು ಆ ಹಳೆಯ ಲೆಕ್ಕ ಇರಬಹುದು.

ಡಿಗ್ರಿ ಬೇಡವೆಂದಲ್ಲ. 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕರ ಹುದ್ದೆಗೆ ಪದವಿಯ ಜೊತೆ ಬಿ.ಎಡ್. ಅಥವಾ ಡಿ.ಎಲ್.ಎಡ್. ಬೇಕು. ಆದ್ದರಿಂದ ಈಗ ಡಿ.ಎಲ್.ಎಡ್. ಮುಗಿಸಿ ಆಮೇಲೆ ಪದವಿ ಮಾಡಿದರೆ ಎರಡೂ ಬಾಗಿಲು ತೆರೆದಿರುತ್ತದೆ. ಬಿ.ಎ., ಬಿ.ಎಡ್. ಮಾಡಿಕೊಂಡು ಒಂದನೇ ಕ್ಲಾಸಿಗೆ ಬರಬೇಕೆಂದರೆ ಮತ್ತೆ ಎರಡು ವರ್ಷ ಡಿ.ಎಲ್.ಎಡ್. ಓದಬೇಕಾಗುತ್ತದೆ. ಕೋರ್ಸಿನ ವಿವರ ಕೇಳಲು ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿರುವ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಅಥವಾ ಉಡುಪಿಯ ಡಯಟ್‌ಗೆ ನೇರವಾಗಿ ಹೋಗಿ.

ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಮೊದಲ ಪತ್ರಿಕೆಯಲ್ಲಿ, ಅಂದರೆ 1ರಿಂದ 5ನೇ ತರಗತಿ ಶಿಕ್ಷಕರ ಪತ್ರಿಕೆಯಲ್ಲಿ, ಎರಡು ಸಲ 90 ದಾಟಲಿಲ್ಲ. ಈ ಸಲ 84. ಕೀ ಉತ್ತರ ನೋಡಿ ಲೆಕ್ಕ ಹಾಕಿದಾಗ ಶಿಶು ವಿಕಾಸ 14, ಕನ್ನಡ 24, ಇಂಗ್ಲಿಷ್ 12, ಗಣಿತ 15, ಪರಿಸರ ಅಧ್ಯಯನ 19. ಎಲ್ಲಿ ತಪ್ಪುತ್ತಿದೆ? (ಓದುಗರು, ಬಂಟ್ವಾಳ)

ಅಂಕ ಬಿಡಿಸಿ ಬರೆದದ್ದು ತುಂಬಾ ಒಳ್ಳೆಯದಾಯಿತು. ಐದು ಭಾಗ, ತಲಾ 30 ಪ್ರಶ್ನೆ, ಒಟ್ಟು 150 ಪ್ರಶ್ನೆಗೆ 150 ನಿಮಿಷ. ಅರ್ಹತೆಗೆ ಶೇ. 60, ಅಂದರೆ 90 (ಕೆಲವು ಮೀಸಲಾತಿ ವರ್ಗಗಳಿಗೆ ಸಡಿಲಿಕೆ ಉಂಟು). ನಿಮಗೆ ಬೇಕಾದದ್ದು ಆರೇ ಅಂಕ. ಕನ್ನಡವನ್ನು ಇನ್ನಷ್ಟು ತಿದ್ದುತ್ತಾ ಕೂರಬೇಡಿ, ಅಲ್ಲಿ ಹೆಚ್ಚೆಂದರೆ ಎರಡು ಮೂರು ಅಂಕ ಸಿಕ್ಕೀತು. ಉಳಿದದ್ದು ಶಿಶು ವಿಕಾಸ ಮತ್ತು ಇಂಗ್ಲಿಷ್‌ನಿಂದ ಬರಬೇಕು.

ಶಿಶು ವಿಕಾಸದಲ್ಲಿ 14 ಬಂದಿದೆ ಎಂದರೆ ಗೈಡ್ ಪುಸ್ತಕದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿರಬಹುದು. ಪ್ರಶ್ನೆ ಬರುವುದು ಬೇರೆ ರೀತಿ. ಉದಾಹರಣೆಗೆ: ಉದ್ದನೆಯ ಲೋಟದ ನೀರನ್ನು ಅಗಲ ಬಟ್ಟಲಿಗೆ ಸುರಿದಾಗ 5 ವರ್ಷದ ಮಗು "ನೀರು ಕಡಿಮೆಯಾಯಿತು" ಎನ್ನುತ್ತದೆ; ಈ ಮಗುವಿನಲ್ಲಿ ಇನ್ನೂ ಬೆಳೆಯದ ಪರಿಕಲ್ಪನೆ ಯಾವುದು? ಮನೋವಿಜ್ಞಾನಿ ಪಿಯಾಜೆ ಹೇಳಿದ ಮಕ್ಕಳ ಬುದ್ಧಿ ಬೆಳವಣಿಗೆಯ ನಾಲ್ಕು ಹಂತಗಳ ಹೆಸರು, ವಯಸ್ಸು ಎಲ್ಲ ಗೊತ್ತಿದ್ದೂ ಇಲ್ಲಿ ಅಭ್ಯರ್ಥಿಗಳು ಎಡವುತ್ತಾರೆ. ಪಾತ್ರೆ ಬದಲಾದರೂ ಪ್ರಮಾಣ ಬದಲಾಗುವುದಿಲ್ಲ ಎಂಬ ತಿಳಿವಳಿಕೆ, ಅಂದರೆ ಸಂರಕ್ಷಣೆ, 7 ವರ್ಷದ ಆಸುಪಾಸಿನಲ್ಲಿ ಬರುತ್ತದೆ ಎಂಬುದನ್ನು ನಿಜವಾದ ಲೋಟ ಬಟ್ಟಲು ಇಟ್ಟುಕೊಂಡು, ನೆರೆಮನೆಯ ಮಗುವಿನೊಂದಿಗೆ ಒಮ್ಮೆ ಮಾಡಿ ನೋಡಿ. ಮರೆಯುವುದಿಲ್ಲ. ಮನೋವಿಜ್ಞಾನಿಗಳಾದ ವೈಗೋಟ್‌ಸ್ಕಿ, ಕೋಲ್‌ಬರ್ಗ್ ಅವರನ್ನೂ ಹೀಗೆಯೇ ಓದಿ: ಪ್ರತಿ ಸಿದ್ಧಾಂತಕ್ಕೂ ತರಗತಿಯ ಎರಡು ಸನ್ನಿವೇಶ ನೀವೇ ಬರೆಯಿರಿ.

ಇಂಗ್ಲಿಷ್‌ನಲ್ಲಿ ಗದ್ಯಭಾಗಕ್ಕಿಂತ ಮೊದಲು ಪ್ರಶ್ನೆ ಓದಿ, ಆಮೇಲೆ ಗದ್ಯಕ್ಕೆ ಹೋಗಿ. ಭಾಷಾ ಬೋಧನೆಯ ಪ್ರಶ್ನೆಗಳನ್ನು ಹೆಚ್ಚಿನವರು ಓದುವುದೇ ಇಲ್ಲ. ಅವು ಕನ್ನಡ, ಇಂಗ್ಲಿಷ್ ಎರಡಕ್ಕೂ ಒಂದೇ ಬಗೆಯವು, ಒಮ್ಮೆ ಓದಿದರೆ ಎರಡು ಕಡೆ ಉಪಯೋಗ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಉತ್ತರ ಗುರುತಿಸುವ ಒಎಂಆರ್ ಹಾಳೆಯಲ್ಲಿ ಒಂದು ಪ್ರಶ್ನೆಯ ವೃತ್ತವನ್ನೂ ಖಾಲಿ ಬಿಡಬೇಡಿ. ಆ ಹಾಳೆ ತುಂಬುವುದನ್ನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳುವುದೂ ಅಪಾಯ: ಅವಸರದಲ್ಲಿ ಒಂದು ಸಾಲು ಜಾರಿದರೆ ಕೆಳಗಿನದ್ದೆಲ್ಲ ತಪ್ಪು. ಒಂದು ಭಾಗ ಮುಗಿದ ಕೂಡಲೇ ಆ 30 ವೃತ್ತ ತುಂಬಿ ಮುಂದಕ್ಕೆ ಹೋಗಿ.

ಪಾಸಾದರೆ ಪ್ರಮಾಣಪತ್ರ ಜೀವನಪೂರ್ತಿ ಊರ್ಜಿತ. ಆದರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು.

ಖಾಸಗಿ ಶಾಲೆಯಲ್ಲಿ ಟಿಇಟಿ ಕೇಳುವುದಿಲ್ಲವಂತೆ, ಸೇರಬಹುದೇ? (ಓದುಗರು, ಸುರತ್ಕಲ್)

ಕೇಳದ ಶಾಲೆಗಳು ಇರಬಹುದು. ಕಾನೂನು ಮಾತ್ರ ಕೇಳುತ್ತದೆ. 2025ರ ಸೆಪ್ಟೆಂಬರ್ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಅವಧಿ ಇರುವ ಸೇವಾನಿರತ ಶಿಕ್ಷಕರೂ 2 ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದಿದೆ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ವಿಸ್ತೃತ ಪೀಠದ ಪರಿಶೀಲನೆಗೆ ಬಿಟ್ಟಿದೆ. ಮಂಗಳೂರಿನಲ್ಲಿ ಅಂಥ ಶಾಲೆಗಳು ಬಹಳ ಇರುವುದರಿಂದ ಇದನ್ನು ಗಮನದಲ್ಲಿಡಿ. ಸೇರಿ, ಆದರೆ ಪರೀಕ್ಷೆಯ ಓದು ನಿಲ್ಲಿಸಬೇಡಿ.

ಡಿ.ಎಲ್.ಎಡ್. ಎರಡನೇ ವರ್ಷ. ಶಾಲಾ ಅಭ್ಯಾಸಕ್ಕೆ ನಲಿ-ಕಲಿ (1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ, ಕಾರ್ಡ್ ಮತ್ತು ಚಟುವಟಿಕೆಗಳ ಮೂಲಕ ಗುಂಪುಗಳಲ್ಲಿ ಕಲಿಯುವ ಪದ್ಧತಿ) ತರಗತಿ ಸಿಕ್ಕಿದೆ. ಅರ್ಧದಷ್ಟು ಮಕ್ಕಳು ಮನೆಯಲ್ಲಿ ತುಳು ಅಥವಾ ಬ್ಯಾರಿ ಮಾತಾಡುವವರು. ಕೆಲವರು ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದ ಕುಟುಂಬದವರು. ಯಾರಿಗೂ ಸರಿಯಾಗಿ ಮುಟ್ಟುತ್ತಿಲ್ಲ. (ಪ್ರಶಿಕ್ಷಣಾರ್ಥಿ, ಉಡುಪಿ)

ನಮ್ಮ ಎರಡು ಜಿಲ್ಲೆಗಳ ನಿಜವಾದ ಪಾಠ ಇದೇ, ಇದಕ್ಕೆ ತುಸು ಹೆಚ್ಚು ಜಾಗ ಕೊಡುತ್ತೇವೆ.

ತುಳು ಮಗು ಕನ್ನಡಕ್ಕೆ ಹತ್ತಿರದಲ್ಲೇ ಇದೆ ಎಂದು ನಾವು ಅಂದುಕೊಳ್ಳುತ್ತೇವೆ, ತೊಡಕು ಅಲ್ಲೇ ಇರುವುದು. ಮನೆಯ ಚಿತ್ರ ತೋರಿಸಿ "ಏನಿದು?" ಎಂದರೆ ಮಗು "ಇಲ್ಲ್" ಎನ್ನುತ್ತದೆ. ಟೀಚರ್‌ಗೆ ಅದು "ಇಲ್ಲ" ಎಂದು ಕೇಳಿಸುತ್ತದೆ. "ಕಾರ್" ಎಂದರೆ ಕಾಲು. "ಬಾಲೆ" ಎಂದರೆ ಮಗು, ನಾವು ಬಾಳೆಹಣ್ಣಿನ ಚಿತ್ರ ತೋರಿಸುತ್ತಿರುತ್ತೇವೆ. ಸರಿ ಉತ್ತರ ಕೊಟ್ಟ ಮಗುವನ್ನು ತಪ್ಪೆಂದು ಕೂರಿಸಿದರೆ ಅದು ಬಾಯಿ ತೆರೆಯುವುದನ್ನೇ ಬಿಟ್ಟುಬಿಡುತ್ತದೆ. ಮೊದಲ ಆರೇಳು ವಾರ ಮನೆಮಾತಿನ ಉತ್ತರವನ್ನು ಒಪ್ಪಿಕೊಳ್ಳಿ, ಅದನ್ನೇ ಕನ್ನಡದಲ್ಲಿ ಒಮ್ಮೆ ಹೇಳಿ: "ಹೌದು, ಇಲ್ಲ್, ಮನೆ." ಹಾಗೆಂದು ನಿಮ್ಮ ಪ್ರತಿ ವಾಕ್ಯವನ್ನೂ ತುಳುವಿಗೆ ತಿರುಗಿಸಬೇಡಿ. ಹಾಗೆ ಮಾಡಿದರೆ ಮಗು ಕನ್ನಡವನ್ನು ಕೇಳಿಸಿಕೊಳ್ಳದೆ ತುಳು ಬರುವವರೆಗೆ ಕಾಯುತ್ತದೆ. ಸೂಚನೆ ಕನ್ನಡದಲ್ಲಿರಲಿ, ಜೊತೆಗೆ ಕೈಸನ್ನೆ ಮತ್ತು ವಸ್ತು ಇರಲಿ. ಮಗು ಗಾಬರಿಯಾದಾಗ, ಅತ್ತಾಗ ಮನೆಮಾತು.

ಉತ್ತರ ಕರ್ನಾಟಕದ ಮಕ್ಕಳ ಕನ್ನಡ ಸಲೀಸು, ಆದರೆ ನಮ್ಮ ಊರಿನ ಮಾತಿನ ರೀತಿ ಅವರಿಗೆ ಹೊಸತು. ಅವರನ್ನು ಸಹಪಾಠಿ ಬೆಂಬಲಿತ ಗುಂಪಿನಲ್ಲಿ (ಮಕ್ಕಳೇ ಒಬ್ಬರಿಗೊಬ್ಬರು ನೆರವಾಗಿ ಕಲಿಯುವ ಗುಂಪು) ತುಳು ಮಕ್ಕಳ ಜೊತೆ ಕೂರಿಸಿ. ಇಬ್ಬರಿಗೂ ಕೊಡಲು ಏನಾದರೂ ಇರುತ್ತದೆ.

ಅಕ್ಷರಕ್ಕೆ ಬಂದರೆ, ನಲಿ-ಕಲಿಯಲ್ಲಿ ಅ, ಆ, ಇ, ಈ ಕ್ರಮವಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ಈ ಐದರಿಂದಲೇ ಸರ, ರಸ, ಅಗಸ, ಅರಸ, ಗರಗಸ ಎಂದು ಪದ ಕಟ್ಟಬಹುದು ಎಂಬುದು ಉದ್ದೇಶ. ಆದರೆ ಅಗಸ, ಅರಸ ಎಂದರೆ ಏನೆಂದು ಗೊತ್ತಿಲ್ಲದ ಮಗು ಅದನ್ನು ಬರಿಯ ಸದ್ದಾಗಿ ಓದುತ್ತದೆ. ಹಾಗಾಗಿ ಕಾರ್ಡ್ ಕೊಡುವ ಹಿಂದಿನ ದಿನವೇ ಆ ಪದಗಳನ್ನು ಚಿತ್ರ, ಅಭಿನಯದ ಮೂಲಕ ಬಾಯಿಗೆ ತನ್ನಿ. ಕಿವಿಗೆ ಪರಿಚಯವಾದ ಮೇಲೆ ಕಣ್ಣಿಗೆ.

ಯಾರಿಗೂ ಮುಟ್ಟುತ್ತಿಲ್ಲ ಎಂದಿರಲ್ಲ, ನೀವು ಇಡೀ ಅವಧಿ ಶಿಕ್ಷಕರ ಬೆಂಬಲಿತ ತಟ್ಟೆಯಲ್ಲೇ (ಟೀಚರ್ ಜೊತೆಗಿದ್ದು ಕಲಿಸುವ ಗುಂಪು) ಕುಳಿತಿರುತ್ತೀರಾ ನೋಡಿಕೊಳ್ಳಿ. ಹೊಸಬರೆಲ್ಲ ಹೀಗೆಯೇ ಮಾಡುತ್ತಾರೆ. ಅಷ್ಟರಲ್ಲಿ ಸ್ವಕಲಿಕೆಯ ಗುಂಪು ಕಾರ್ಡ್ ಮುಗಿಸಿ ಗಲಾಟೆ ಶುರುಮಾಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ಒಂದು ಸುತ್ತು ಬನ್ನಿ. ಪ್ರತಿ ಮಗುವಿನ ಕಲಿಕೆ ದಾಖಲಿಸುವ ಪ್ರಗತಿ ನೋಟದಲ್ಲಿ ಗುರುತು ಹಾಕುವುದನ್ನು ಅಂದಂದೇ ಮಾಡಿ. ಜೂನ್, ಜುಲೈಯಲ್ಲಿ ಮಳೆಯ ರಜೆ ಮೇಲಿಂದ ಮೇಲೆ ಬಂದಾಗ ಯಾವ ಮಗು ಕಲಿಕೆಯ ಹಂತಗಳನ್ನು ತೋರಿಸುವ ಏಣಿಯ ಯಾವ ಮೆಟ್ಟಿಲಲ್ಲಿತ್ತು ಎಂದು ನೆನಪಿನಿಂದ ಹೇಳಲಾಗದು.

ಎರಡನೇ ತರಗತಿಯ ಮಕ್ಕಳು ಇಪ್ಪತ್ತೈದನ್ನು 205 ಎಂದು ಬರೆಯುತ್ತಾರೆ. ಎಷ್ಟು ತಿದ್ದಿದರೂ ಹೋಗುತ್ತಿಲ್ಲ. (ಗೌರವ ಶಿಕ್ಷಕಿ, ಬೈಂದೂರು)

ಮಗು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯುತ್ತಿದೆ: ಇಪ್ಪತ್ತಕ್ಕೆ 20, ಐದಕ್ಕೆ 5. ಸ್ಥಾನಬೆಲೆ ಇನ್ನೂ ಕೂತಿಲ್ಲ. ಹತ್ತು ಸಲ ಬರೆಸಿದರೆ ಹೋಗುವ ತಪ್ಪಲ್ಲ ಇದು. ತೆಂಗಿನ ಗರಿಯ ಕಡ್ಡಿಯನ್ನು ಬೆರಳುದ್ದ ಕತ್ತರಿಸಿ, ಪ್ರತಿ ಮಗುವಿಗೆ 50 ಕೊಡಿ. ಹತ್ತರ ಕಟ್ಟನ್ನು ಮಗುವೇ ಎಣಿಸಿ, ಮಗುವೇ ರಬ್ಬರ್ ಬ್ಯಾಂಡ್ ಹಾಕಲಿ. ನೀವು ಕಟ್ಟಿಕೊಟ್ಟರೆ ಅದರೊಳಗೆ ಹತ್ತು ಇದೆಯೆಂದು ಅದಕ್ಕೆ ನಂಬಿಕೆ ಬರುವುದಿಲ್ಲ. ಸ್ಲೇಟಿನಲ್ಲಿ ಒಂದು ಗೆರೆ ಎಳೆದು ಎಡಕ್ಕೆ ಕಟ್ಟು, ಬಲಕ್ಕೆ ಬಿಡಿ. ಎರಡು ಕಟ್ಟು, ಐದು ಬಿಡಿ ಇಟ್ಟ ಮೇಲೆ ಅವುಗಳ ಕೆಳಗೆ ಒಂದೊಂದೇ ಅಂಕಿ ಬರೆಯಲಿ. ನಾಲ್ಕೈದು ದಿನ ಕಡ್ಡಿಯಿಲ್ಲದೆ ಸಂಖ್ಯೆ ಬರೆಸಲೇಬೇಡಿ. ನಡುವೆ 20 ಮತ್ತು 30 ಇಡಿಸಿ. ಬಿಡಿಯ ಜಾಗ ಖಾಲಿ ಇರುವುದನ್ನು ಕಂಡಾಗಲೇ ಸೊನ್ನೆ ಯಾಕೆ ಬೇಕೆಂದು ಮಗುವಿಗೆ ಗೊತ್ತಾಗುವುದು.