ಥರ್ಮಾಕೋಲ್ ಬದಲು ರದ್ದಿ ರಟ್ಟಿನ ಪ್ಯಾಡ್: ನ್ಯಾನೊಸೆಲ್ಯುಲೋಸ್, ಫ್ರೀಜ್ ಡ್ರೈಯರ್ ಬೇಕೇ ಬೇಕಾ?

ಪುಣೆ ಹತ್ತಿರದ ಭೋಸರಿಯಲ್ಲಿ ಪಂಪಿನ ಬಿಡಿಭಾಗ ಪ್ಯಾಕ್ ಮಾಡೋಕೆ ರದ್ದಿ ರಟ್ಟಿನಿಂದ ಪ್ಯಾಡ್ ಮಾಡಿದರೆ ಒಣಗಿ ಹಲಗೆ ಥರ ಗಟ್ಟಿಯಾಗ್ತಿದೆ ಅಂದಿದ್ದೀರಿ. ನಾನೂ ಒಂದು ಕಾಲಕ್ಕೆ ಇದನ್ನೇ ಕೇಳಿದವನು. ನ್ಯಾನೊಸೆಲ್ಯುಲೋಸೂ (ಅತಿ ಸೂಕ್ಷ್ಮವಾಗಿ ಸೀಳಿದ ಸಸ್ಯನಾರು) ಬೇಡ, ಫ್ರೀಜ್ ಡ್ರೈಯರೂ (ಹೆಪ್ಪುಗಟ್ಟಿಸಿ ಒಣಗಿಸೋ ಯಂತ್ರ) ಬೇಡ. ನಾರು ಸರಿಯಾಗೇ ಇದೆ, ನೀರು ತೆಗೆಯೋ ರೀತಿ ಸರಿಯಿಲ್ಲ.

"ಬಟ್ಟೇಲಿ ಹಿಂಡಿ ಬಿಸಿಲಿಗಿಡ್ತೀನಿ" ಅಂತ ಬರೆದಿದ್ದೀರಲ್ಲ, ಕೆಡೋದು ಅಲ್ಲೇ. ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್. ಎಥನಾಲಿನದು (ಆಲ್ಕೋಹಾಲ್) ಬರೀ 22, ಅಂದರೆ ನೀರಿನ ಎಳೆತ ತುಂಬ ಜೋರು. ಹಿಂಡಿದಾಗ ಗಾಳಿಯೆಲ್ಲ ಹೋಗಿ ನಾರುಗಳ ನಡುವೆ ತೆಳು ನೀರಿನ ಪೊರೆ ಮಾತ್ರ ಉಳಿಯುತ್ತೆ. ಅದು ಆರುತ್ತಾ ಆರುತ್ತಾ ಅಕ್ಕಪಕ್ಕದ ನಾರುಗಳನ್ನ ಹತ್ತಿರ ಎಳೆಯುತ್ತೆ. ತಾಕಿದ ಕಡೆಯೆಲ್ಲ ಹೈಡ್ರೋಜನ್ ಬಂಧ ಬೀಳುತ್ತೆ, ಅಂದರೆ ನಾರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಾಗದ ಗಟ್ಟಿಯಾಗೋದೇ ಹೀಗೆ. ನ್ಯಾನೊ ನಾರಿನಲ್ಲಂತೂ ಈ ಎಳೆತ ಇನ್ನೂ ಜೋರು: ಶೇ 1ರಷ್ಟು ನ್ಯಾನೊ ನಾರಿರೋ ಜೆಲ್ ಹಾಗೇ ಒಣಗಿಸಿದರೆ ಫೋಮ್ ಬರಲ್ಲ, ಪ್ಲಾಸ್ಟಿಕ್ಕಿನಂಥ ತೆಳು ಹಾಳೆ ಬರುತ್ತೆ. ಮಾಟುಂಗಾದ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ನ್ಯಾನೊಸೆಲ್ಯುಲೋಸ್ ತಯಾರಿಸುವ ಪೈಲಟ್ ಪ್ಲಾಂಟೇ ಇದೆ, ಆದರೆ ಆ ವಸ್ತುವಿನ ಜಾಗ ಲೇಪನ, ಬಲವರ್ಧನೆ. ಪ್ಯಾಡಿಗೆ ನೊರೆ ಸಾಕು. ನೀರು ಬಸಿಯುವಾಗ ಗುಳ್ಳೆಗಳೇ ನಾರುಗಳನ್ನ ದೂರ ಹಿಡಿದಿರುತ್ತವೆ.

ಟೇಪು, ಲ್ಯಾಮಿನೇಶನ್ ಕಿತ್ತ ರಟ್ಟನ್ನ ರಾತ್ರಿಯಿಡೀ ನೆನೆಸಿ. ಮಿಕ್ಸಿಯಲ್ಲಿ ಚೂರು ಬಿಡಿಯಾಗೋ ಅಷ್ಟೇ ತಿರುಗಿಸಿ. ನುಣ್ಣಗೆ ಅರೆದರೆ ನಾರಿನ ಮೈ ಬಿರಿದು ಮತ್ತೆ ಅಂಟುತ್ತೆ. ಲೀಟರ್ ನೀರಿಗೆ ಒಣ ತೂಕದಲ್ಲಿ 30 ಗ್ರಾಂ ನಾರು, 1 ಗ್ರಾಂ ಸೋಡಿಯಂ ಲಾರಿಲ್ ಸಲ್ಫೇಟ್ (ನೊರೆ ಬರಿಸೋ ಸೋಪಿನಂಥ ವಸ್ತು). ಬೋರ್‌ವೆಲ್ ನೀರು ಬೇಡ, ಗಡಸು ನೀರಲ್ಲಿ ನೊರೆ ಸರಿಯಾಗಿ ನಿಲ್ಲಲ್ಲ. ಡ್ರಿಲ್ಲಿಗೆ ಚಪ್ಪಟೆ ತಟ್ಟೆ ಸಿಕ್ಕಿಸಿ ಕಡೆಯಿರಿ. ಒಂದು ಲೀಟರ್ ಎರಡೂವರೆ ದಾಟಬೇಕು, ಅಂದರೆ ಶೇ 60ಕ್ಕಿಂತ ಹೆಚ್ಚು ಗಾಳಿ. ಗುಳ್ಳೆ ಸಣ್ಣಗಿರಬೇಕು, ಕಣ್ಣಿಗೆ ದೊಡ್ಡದಾಗಿ ಕಂಡರೆ ಇನ್ನೂ ಕಡೆಯಿರಿ. ತಡ ಮಾಡದೆ ಜಾಲರಿ ತಳದ ಅಚ್ಚಿಗೆ ಸುರಿಯಿರಿ. ಎತ್ತರ ಇಳಿಯುತ್ತೆ, ಹಾಗಾಗಿ ಅಚ್ಚು ಬೇಕಾದ ದಪ್ಪದ ಎರಡರಷ್ಟಿರಲಿ. ಒತ್ತಬೇಡಿ, ತಟ್ಟಬೇಡಿ. ತಾನಾಗೇ ಬಸಿದ ಮೇಲೆ ಜಾಲರಿ ಸಮೇತ 60-70 ಡಿಗ್ರಿ ಒವನ್ನಿಗೆ, ಕೆಳಗಿಂದಲೂ ಗಾಳಿ ಆಡೋ ಹಾಗೆ. ಒಂದೇ ಕಡೆ ಫ್ಯಾನ್ ಬಿಟ್ಟರೆ ಸೊಟ್ಟಗಾಗುತ್ತೆ.

"ರದ್ದಿ ನಾರು ದುರ್ಬಲ, ಹೊಸ ಪಲ್ಪ್ ಕೊಳ್ಳಲಾ?" ಅಂತಲೂ ಕೇಳಿದ್ದೀರಿ. ಖಂಡಿತ ಬೇಡ. ಒಮ್ಮೆ ಒಣಗಿದ ನಾರು ಮೊದಲಿನಷ್ಟು ಉಬ್ಬಲ್ಲ, ಬಿರುಸಾಗಿ ಕಡಿಮೆ ಅಂಟುತ್ತೆ. ಬರೆಯೋ ಕಾಗದಕ್ಕೆ ಇದು ದೋಷ, ಹಗುರ ಪ್ಯಾಡಿಗೆ ವರ.

ಮಳೆಗಾಲದ ವಿಷಯ ಬೇರೆ. ಎಕೆಡಿ (ಕಾಗದ ನೀರು ಹೀರದಂತೆ ಮಾಡೋ ಮೇಣದಂಥ ರಾಸಾಯನಿಕ) ಹಚ್ಚಿದರೆ ನೀರಿನ ಹನಿ ಇಳಿಯಲ್ಲ, ಆದರೆ ಗಾಳಿಯ ತೇವ ಒಳಗೆ ಹೋಗೇ ಹೋಗುತ್ತೆ. ಜೊತೆಗೆ ನೊರೆಯ ಸೋಪು ಉಳಿದಿದ್ದರೆ ಎಕೆಡಿ ಸರಿಯಾಗಿ ಕೆಲಸ ಮಾಡಲ್ಲ, ಅದಕ್ಕೇ ಸೋಪು ಹೆಚ್ಚಿಸಬೇಡಿ. ಜುಲೈಯ ಪುಣೆಯಲ್ಲಿ ಪ್ಯಾಡ್ ತೇವ ಹೀರಿ ಮೆತ್ತಗಾಗುತ್ತೆ, ಅದಕ್ಕೆ ತಾಗಿದ ಎರಕದ ಕಬ್ಬಿಣ ತುಕ್ಕು ಹಿಡಿಯುತ್ತೆ. ಬಿಡಿಭಾಗವನ್ನ ಮೊದಲು ವಿಸಿಐ ಪೇಪರಿನಲ್ಲಿ (ತುಕ್ಕು ತಡೆಯೋ ಆವಿ ಬಿಡುವ ಕಾಗದ) ಸುತ್ತಿ, ಆಮೇಲೆ ಪ್ಯಾಡಿನೊಳಗಿಡಿ.