ಪುಟ್ಟ ಪತ್ತೇದಾರಿಯ ಚಿತ್ರಪುಸ್ತಕದಲ್ಲಿ ಸುಳಿವು ಎಲ್ಲಿಡಬೇಕು?

ಐದಾರು ವರ್ಷದ ಮಕ್ಕಳಿಗೆ, ಬಳ್ಳಾರಿಯಲ್ಲೇ ನಡೆಯುವ ಪತ್ತೇದಾರಿ ಕಥೆ ಬರೆಯುತ್ತಿದ್ದೀರಿ, ಸುಳಿವು ಹೇಗಿಡೋದು ಅಂತ ಕೇಳಿದ್ದೀರಿ. ನಾನು ಸಿರುಗುಪ್ಪದ ಕಡೆ ಒಂದನೇ, ಎರಡನೇ ಕ್ಲಾಸಿಗೆ ಕಥೆ ಓದಿ ಹೇಳುವ ಟೀಚರ್. ನನ್ನ ಪ್ರಕಾರ ಸುಳಿವು ಚಿತ್ರದಲ್ಲಿರಬೇಕು, ಮಾತಿನಲ್ಲಿ ಅದರ ಸುದ್ದಿಯೇ ಬೇಡ.

ಈ ವಯಸ್ಸಿಗೆ ಓದು ನಿಧಾನ, ಕಣ್ಣು ಚುರುಕು. ನಾನು ಸಾಲು ಮುಗಿಸುವುದರೊಳಗೆ ಹಿಂದಿನಿಂದ ಯಾರೋ "ಟೀಚರ್, ಅಲ್ಲೈತೆ ನೋಡ್ರಿ!" ಅಂತ ಕೂಗಿರುತ್ತಾರೆ. ಕಥೆಯ ಹುಡುಗಿಗಿಂತ ಮೊದಲು ತನಗೇ ಗೊತ್ತಾಯಿತು ಅನ್ನೋ ಖುಷಿಗೇ ಮಕ್ಕಳು ಅದೇ ಪುಸ್ತಕ ಮತ್ತೆ ಮತ್ತೆ ಕೇಳೋದು.

ನಿಮ್ಮೂರಲ್ಲಿ ಸುಳಿವಿಗೆ ಬರವಿಲ್ಲ. ಅಜ್ಜಿಯ ಎಲೆಯಡಿಕೆ ಸಂಚಿ ಕಾಣೆಯಾಗಿದೆ ಅಂದುಕೊಳ್ಳಿ. ಸಂಡೂರಿನಿಂದ ಅದಿರು ಲಾರಿ ಓಡಿಸಿಕೊಂಡು ಬಂದ ಮಾವನ ಚಪ್ಪಲಿಗೆ ಕೆಂಪು ಧೂಳು. ಹತ್ತಿ ಹೊಲದಿಂದ ಬಂದ ತಾತನ ಕಾಲಿಗೆ ಕರಿ ಎರೆಮಣ್ಣು. ಮನೆಯಲ್ಲೇ ಜೀನ್ಸ್ ಹೊಲಿಯುವ ಅಕ್ಕನ ಮೈಮೇಲೆ ನೀಲಿ ದಾರದ ಚೂರು. ಅಕ್ಷರ ಬಾರದ ಮಗುವೂ ಈ ಬಣ್ಣಗಳನ್ನು ಗುರುತು ಹಿಡಿಯುತ್ತೆ. ಹುಡುಗಿ ಕೆಂಪು ಹೆಜ್ಜೆ ನೋಡಿ ಮಾವನ ಬೆನ್ನು ಹತ್ತಲಿ. ತಪ್ಪು ದಾರಿ ಅದೊಂದೇ ಸಾಕು, ಜಾಸ್ತಿಯಾದರೆ ಕ್ಲಾಸಿನಲ್ಲಿ ಗಲಾಟೆ ಶುರುವಾಗುತ್ತೆ. ಅತ್ತ ಸಂಚಿ ಇಟ್ಟಿದ್ದ ಜಾಗದಲ್ಲಿ ಒಂದು ನೀಲಿ ದಾರ ಬಿದ್ದಿರಲಿ, ಅವಳು ಅದನ್ನು ನೋಡದೆ ದಾಟಿ ಹೋಗಲಿ. ಕೊನೆಗೆ ನೋಡಿದರೆ ಸಂಚಿಯ ಬಾಯಿ ಹರಿದಿತ್ತು, ಅಕ್ಕ ಹೊಲಿಯೋಕೆ ಒಯ್ದಿದ್ದಳು. ಕಳ್ಳ ಬೇಡವೇ ಬೇಡ. ಆದರೆ ಹರಿದ ಬಾಯಿ ಮೊದಲ ಪುಟದ ಚಿತ್ರದಲ್ಲೇ ಕಂಡಿರಬೇಕು, ಇಲ್ಲದಿದ್ದರೆ ಅದು ಮೋಸ ಅಲ್ವಾ?

ದಯವಿಟ್ಟು ಆ ಹುಡುಗಿಗೆ ಉದ್ದ ಕೋಟು, ಹ್ಯಾಟು ಹಾಕಬೇಡಿ. ಬಳ್ಳಾರಿ ಬಿಸಿಲಲ್ಲಿ ಸುಮ್ನೆ ಯಾಕೆ ಹಿಂಸೆ! ಒಂದು ಭೂತಗನ್ನಡಿ ಕೊಡಿ, ಸಾಕು.

ದೊಡ್ಡ ಹಾಳೆ ಮಡಚಿ ಅಚ್ಚು ಹಾಕೋದರಿಂದ ಪುಟಗಳು ಸಾಮಾನ್ಯವಾಗಿ 16, 24, 32 ಹೀಗೆ ಬರುತ್ತವೆ. ಪ್ರಶ್ನೆ ಬಲಗಡೆ ಪುಟದಲ್ಲಿ ನಿಲ್ಲಲಿ, ಉತ್ತರ ಪುಟ ತಿರುವಿದ ಮೇಲೆ ಸಿಗಲಿ.

ಚಿತ್ರ ಬರೆಯೋಕೆ ಬರಲ್ಲ ಅಂದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣ ಇದೆ. ಅಲ್ಲಿನ ಚಿತ್ರಗಳನ್ನು ಕಲಾವಿದರ ಹೆಸರು ಹಾಕಿ ಉಚಿತವಾಗಿ ಬಳಸಬಹುದು. ಆದರೆ ನಿಮಗೆ ಬೇಕಾದ ಜಾಗದಲ್ಲೇ ಬಿದ್ದಿರುವ ನೀಲಿ ದಾರ ಸಿದ್ಧ ಚಿತ್ರದಲ್ಲಿ ಎಲ್ಲಿ ಸಿಗಬೇಕು? ಈ ಕಥೆಗೆ ಕಲಾವಿದರೊಬ್ಬರನ್ನು ಹುಡುಕೋದೇ ವಾಸಿ.

ಅದಕ್ಕೂ ಮೊದಲು ಪೆನ್ಸಿಲಿನಲ್ಲಿ ಗೀಚಿ, ಬಣ್ಣ ತುಂಬಿ, ಪಿನ್ ಹೊಡೆದು ಪಕ್ಕದ ಮನೆ ಮಗುವಿಗೆ ಓದಿ ಹೇಳಿ. ಮಗು ಯಾವ ಪುಟದಲ್ಲಿ ದಾರದ ಮೇಲೆ ಬೆರಳಿಡುತ್ತೆ ನೋಡಿ. ತೀರಾ ಬೇಗ ಇಟ್ಟರೆ ದಾರ ಸ್ವಲ್ಪ ಚಿಕ್ಕದು ಮಾಡಿ.