ಓದುಗರ ಪ್ರಶ್ನೆ: ಸರ್ವರಿಗೆ ಬಂದದ್ದನ್ನು ಬಂದ ಹಾಗೆಯೇ ನೋಡುವುದು

ಪ್ರಶ್ನೆ: ನಮ್ಮ ಸಂಘದ ಸದಸ್ಯತ್ವ ಶುಲ್ಕವನ್ನು ಆನ್‌ಲೈನ್‌ನಲ್ಲಿ ಪಡೆಯಲು ಪಿಎಚ್‌ಪಿಯಲ್ಲಿ ಜಾಲತಾಣವೊಂದನ್ನು ಮಾಡಿದ್ದೇನೆ. ಹಣ ಸಂದಾಯವಾದ ಕೂಡಲೇ ಪಾವತಿ ಸೇವೆಯಿಂದ ನಮ್ಮ ಸರ್ವರಿಗೆ ವೆಬ್‌ಹುಕ್ (ಆ ಸುದ್ದಿಯನ್ನು ತಾನಾಗಿಯೇ ತಿಳಿಸುವ ರಿಕ್ವೆಸ್ಟ್) ಬರುತ್ತದೆ. ಸದಸ್ಯರ ಹೆಸರು ಇಂಗ್ಲಿಷ್‌ನಲ್ಲಿದ್ದರೆ ಅದು ಆ ಸೇವೆಯಿಂದಲೇ ಬಂದದ್ದೆಂದು ತೋರಿಸುವ ಸಹಿ ತಾಳೆಯಾಗುತ್ತದೆ, ಕನ್ನಡದಲ್ಲಿದ್ದರೆ ಪ್ರತಿ ಸಲವೂ ತಪ್ಪುತ್ತದೆ. ಆ ಸೇವೆ ಕನ್ನಡವನ್ನು ಒಪ್ಪುವುದಿಲ್ಲವೇ? ನನ್ನ ಕೋಡ್ ಲಗತ್ತಿಸಿದ್ದೇನೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸೇವೆಯಲ್ಲಿ ದೋಷವಿಲ್ಲ, ಕನ್ನಡದಲ್ಲಂತೂ ಇಲ್ಲವೇ ಇಲ್ಲ. ನಿಮ್ಮ ಕೋಡಿನಲ್ಲಿ ಬಂದ ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಪಠ್ಯವನ್ನು ಮೊದಲು ಡಿಕೋಡ್ ಮಾಡಿ ಅರೇ ಆಗಿಸಿಕೊಂಡು, ಆ ಅರೇಯನ್ನು ಮತ್ತೆ ಎನ್‌ಕೋಡ್ ಮಾಡಿ, ಹೀಗೆ ಹೊಸದಾಗಿ ತಯಾರಾದ ಪಠ್ಯದ ಮೇಲೆ ಸಹಿಯನ್ನು ಲೆಕ್ಕ ಹಾಕುತ್ತಿದ್ದೀರಿ. ಆದರೆ ಕಳಿಸಿದವರು ಸಹಿ ಮಾಡಿರುವುದು ತಾವು ಕಳಿಸಿದ ಬೈಟ್‌ಗಳ ಸಾಲಿಗೆ, ಅದರ ಅರ್ಥಕ್ಕಲ್ಲ. ಅರ್ಥ ಒಂದೇ ಆಗಿದ್ದರೂ ಒಂದು ಬೈಟ್ ಬೇರೆಯಾದರೆ ಎಚ್‌ಮ್ಯಾಕ್ ಸಹಿ (ಇಬ್ಬರಿಗಷ್ಟೇ ಗೊತ್ತಿರುವ ಗುಟ್ಟಿನ ಕೀಲಿಯಿಂದ ಬೈಟ್‌ಗಳ ಮೇಲೆ ಲೆಕ್ಕ ಹಾಕಿದ್ದು) ಪೂರ್ತಿ ಬೇರೆಯಾಗುತ್ತದೆ.

ಬೈಟ್‌ಗಳು ಬದಲಾಗುವುದು ಎಲ್ಲಿ ಎಂಬುದನ್ನು ನೋಡೋಣ. ‘ಗಿರಿಜಾ’ ಎಂಬ ಹೆಸರನ್ನು ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಮೂರು ವ್ಯಂಜನ, ಮೂರು ಸ್ವರಚಿಹ್ನೆ ಸೇರಿ ಆರು ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ ಈ ಹೆಸರು 18 ಬೈಟ್‌ಗಳಾಗಿ ನಿಮ್ಮ ಸರ್ವರಿಗೆ ಬರುತ್ತದೆ. ಪಿಎಚ್‌ಪಿಯ ಜೇಸನ್ ಎನ್‌ಕೋಡ್ ಫಂಕ್ಷನ್ನಿಗೆ ಬೇರೇನೂ ಹೇಳದಿದ್ದರೆ ಅದು ಪ್ರತಿ ಸಂಕೇತವನ್ನೂ ಬ್ಯಾಕ್‌ಸ್ಲ್ಯಾಷ್, ಯು ಮತ್ತು ನಾಲ್ಕು ಹೆಕ್ಸ್ ಅಂಕಿಗಳ ರೂಪಕ್ಕೆ ತಿರುಗಿಸುತ್ತದೆ. ಒಂದೊಂದಕ್ಕೆ 6 ಬೈಟ್‌ನಂತೆ ಅದೇ ಹೆಸರು ಈಗ 36 ಬೈಟ್ ಆಯಿತು. ಇಂಗ್ಲಿಷ್ ಹೆಸರಿಗೆ ಈ ತಿರುಗಣೆ ಇಲ್ಲ. ಆದ್ದರಿಂದ ಅಲ್ಲಿ ತಾಳೆಯಾದದ್ದು ಅದೃಷ್ಟದಿಂದ ಮಾತ್ರ. ಡೇಟಾದಲ್ಲಿ ಒಂದು ಜಾಲತಾಣದ ವಿಳಾಸವಿದ್ದು ಅದರ ಓರೆಗೆರೆ ಹಾಗೆಯೇ ಬಂದಿದ್ದರೂ ಸಹಿ ತಪ್ಪುತ್ತಿತ್ತು, ಏಕೆಂದರೆ ಅದೇ ಫಂಕ್ಷನ್ ಓರೆಗೆರೆಯ ಹಿಂದೆಯೂ ಒಂದು ಬ್ಯಾಕ್‌ಸ್ಲ್ಯಾಷ್ ಸೇರಿಸುತ್ತದೆ.

ಯೂನಿಕೋಡನ್ನು ಹಾಗೆಯೇ ಬಿಡುವ ಆಯ್ಕೆ ಆ ಫಂಕ್ಷನ್ನಿನಲ್ಲಿದೆ ನಿಜ. ಅದನ್ನು ಹಾಕಿ ಸಮಸ್ಯೆ ಬಗೆಹರಿಯಿತೆಂದು ದಯವಿಟ್ಟು ಕೈಬಿಡಬೇಡಿ. ನಾಳೆ ಒಂದು ಖಾಲಿ ಜಾಗವೋ ದಶಮಾಂಶದ ಸೊನ್ನೆಯೋ ಬಂದು ಇದೇ ತೊಂದರೆ ಮರಳುತ್ತದೆ. ಪಿಎಚ್‌ಪಿ ಇನ್‌ಪುಟ್ ಎಂಬ ಸ್ಟ್ರೀಮಿನಿಂದ ರಿಕ್ವೆಸ್ಟ್‌ನ ಬಾಡಿಯನ್ನು (ಹೆಡರ್‌ಗಳ ನಂತರ ಬರುವ ಡೇಟಾವನ್ನು) ಬಂದ ರೂಪದಲ್ಲೇ ಒಂದು ವೇರಿಯಬಲ್‌ಗೆ ಓದಿಕೊಳ್ಳಿ, ಸಹಿಯನ್ನು ಅದರ ಮೇಲೆಯೇ ಲೆಕ್ಕ ಹಾಕಿ, ಹ್ಯಾಶ್ ಈಕ್ವಲ್ಸ್ ಫಂಕ್ಷನ್ನಿನಿಂದ ಹೋಲಿಸಿ, ಎರಡೂ ಒಂದೇ ಎಂದು ಖಚಿತವಾದ ಮೇಲಷ್ಟೇ ಡಿಕೋಡ್ ಮಾಡಿ. ಕಡತಗಳನ್ನು ಅಪ್‌ಲೋಡ್ ಮಾಡುವ ಮಲ್ಟಿಪಾರ್ಟ್ ಪೋಸ್ಟ್ ಫಾರಂಗಳಿಗೆ ಮಾತ್ರ ಈ ಸ್ಟ್ರೀಮ್ ಸಾಮಾನ್ಯವಾಗಿ ಖಾಲಿಯಾಗಿರುತ್ತದೆ, ಏಕೆಂದರೆ ಪಿಎಚ್‌ಪಿ ಅದನ್ನು ಮೊದಲೇ ಓದಿ ಬಿಡಿಸಿಟ್ಟಿರುತ್ತದೆ. ಪಿಎಚ್‌ಪಿ ಬದಲು ಬೇರೆ ವೆಬ್ ಫ್ರೇಮ್‌ವರ್ಕ್ ಬಳಸುವವರಿಗೆ ಫ್ಲಾಸ್ಕ್‌ನಲ್ಲಿ ಗೆಟ್ ಡೇಟಾ, ಜ್ಯಾಂಗೋದಲ್ಲಿ ರಿಕ್ವೆಸ್ಟ್‌ನ ಬಾಡಿ, ಎಕ್ಸ್‌ಪ್ರೆಸ್‌ನಲ್ಲಿ ರಾ ಎಂಬ ಮಿಡಲ್‌ವೇರ್ ಇದೇ ಕೆಲಸ ಮಾಡುತ್ತವೆ.

ಪ್ರಶ್ನೆ: ಮೇಲಿನಂಥದ್ದೇ ಇನ್ನೊಂದು ತೊಂದರೆ. ನೋಡ್ ಜೆಎಸ್‌ನಲ್ಲಿ ಬರೆದ ನನ್ನ ಪ್ರೋಗ್ರಾಂ ಕನ್ನಡ ಡೇಟಾ ಕಳಿಸಿದಾಗ ಆ ಕಡೆಯ ಸರ್ವರ್ ‘ಜೇಸನ್ ಅಪೂರ್ಣ’ ಎನ್ನುತ್ತದೆ. ಕಳಿಸುವ ಮುನ್ನ ಪ್ರಿಂಟ್ ಮಾಡಿ ನೋಡಿದರೆ ಪೂರ್ತಿಯಾಗಿಯೇ ಇದೆ. ಕಂಟೆಂಟ್-ಲೆಂಗ್ತ್ ಹೆಡರನ್ನು ನಾನೇ ಹಾಕುತ್ತಿದ್ದೇನೆ.
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಕಾರಣದ ಸುಳಿವಿದೆ. ಆದರೂ ಅದನ್ನು ಕಣ್ಣಾರೆ ನೋಡುವುದು ಒಳ್ಳೆಯದು. ಒಂದು ಟರ್ಮಿನಲ್‌ನಲ್ಲಿ ನೆಟ್‌ಕ್ಯಾಟ್ ತೆರೆದು ಅದು 8080ನೇ ಪೋರ್ಟಿಗೆ ಕಿವಿಗೊಟ್ಟು ಕೂರುವಂತೆ ಮಾಡಿ, ನಿಮ್ಮ ಪ್ರೋಗ್ರಾಂ ಅಲ್ಲಿಗೆ ಕಳಿಸಲಿ. ನೆಟ್‌ಕ್ಯಾಟ್‌ಗೆ ಎಚ್‌ಟಿಟಿಪಿ ಗೊತ್ತಿಲ್ಲ. ಬಂದದ್ದನ್ನು ತಿದ್ದದೆ ತೋರಿಸುವುದಷ್ಟೇ ಅದರ ಕೆಲಸ, ಅದಕ್ಕಾಗಿಯೇ ನಾನು ಅದನ್ನು ನಂಬುತ್ತೇನೆ. ಮೊದಲ ಸಾಲಿನಲ್ಲಿ ಮೆಥಡ್, ಪಾತ್, ಆವೃತ್ತಿ, ಅನಂತರ ಸಾಲಿಗೊಂದರಂತೆ ಹೆಡರ್‌ಗಳು, ಒಂದು ಖಾಲಿ ಸಾಲು, ಆಮೇಲೆ ಬಾಡಿ. ಉತ್ತರ ಬಾರದ್ದರಿಂದ ನಿಮ್ಮ ಪ್ರೋಗ್ರಾಂ ಕಾಯುತ್ತಾ ನಿಲ್ಲುತ್ತದೆ, ಅದರಿಂದ ಗಾಬರಿಯಾಗಬೇಡಿ.

ಈಗ ಲೆಕ್ಕ ನೋಡಿ. ಇಂಗ್ಲಿಷ್ ಲಿಪಿಯ ‘ನೇಮ್’ ಎಂಬ ಕೀಗೆ ‘ಗಿರಿಜಾ’ ಎಂಬ ಮೌಲ್ಯವಿರುವ, ನಡುವೆ ಖಾಲಿ ಜಾಗವಿಲ್ಲದ ಜೇಸನ್ ಪಠ್ಯದಲ್ಲಿ ಹೆಸರಿನ ಮುಂಚೆ 9, ಹೆಸರಿನ ನಂತರ 2 ಚಿಹ್ನೆಗಳಿರುತ್ತವೆ. ಸ್ಟ್ರಿಂಗ್‌ನ ಲೆಂಗ್ತ್ ಕೇಳಿದರೆ ಜಾವಾಸ್ಕ್ರಿಪ್ಟ್ 17 ಎನ್ನುತ್ತದೆ; ಅದನ್ನೇ ನೀವು ಹೆಡರ್‌ನಲ್ಲಿ ಹಾಕಿದ್ದೀರಿ. ತಂತಿಯ ಮೇಲೆ ಹೋದದ್ದು 29 ಬೈಟ್. ಆ ಹೆಡರ್ ಬೈಟ್‌ಗಳ ಎಣಿಕೆಯಾದ್ದರಿಂದ ಸರ್ವರ್ 17ನ್ನು ಓದಿ ನಿಲ್ಲಿಸುತ್ತದೆ: ‘ಗಿ’ ಪೂರ್ತಿಯಾಗಿ, ‘ರ’ದ ಮೂರು ಬೈಟ್‌ಗಳಲ್ಲಿ ಎರಡು, ಅಲ್ಲಿಗೆ ಮುಗಿಯಿತು. ಸಂಪರ್ಕ ತೆರೆದೇ ಇದ್ದರೆ ಉಳಿದ 12 ಬೈಟ್‌ಗಳನ್ನು ಅದು ಮುಂದಿನ ರಿಕ್ವೆಸ್ಟ್‌ನ ಆರಂಭವೆಂದು ಓದಲು ಹೋಗಿ 400 ಎಂಬ ದೋಷಸಂಖ್ಯೆಯನ್ನೂ ಕೊಡಬಹುದು. ಬಫರ್‌ನ ಬೈಟ್‌ಲೆಂಗ್ತ್ ಬಳಸಿ; ಇಲ್ಲವೇ ಪೂರ್ತಿ ಬಾಡಿಯನ್ನು ಎಂಡ್ ಮೆಥಡ್ಡಿಗೆ ಒಟ್ಟಿಗೆ ಕೊಟ್ಟು ಆ ಹೆಡರನ್ನು ನೋಡ್‌ಗೇ ಬಿಟ್ಟುಬಿಡಿ.

ಪ್ರಶ್ನೆ: ಎಚ್‌ಟಿಟಿಪಿಎಸ್ ಇರುವ ಸರ್ವರಿನಲ್ಲಿ ಟಿಸಿಪಿಡಂಪ್‌ನಿಂದ (ಜಾಲದಲ್ಲಿ ಹಾದುಹೋಗುವ ಡೇಟಾವನ್ನು ಹಿಡಿದು ತೋರಿಸುವ ಪ್ರೋಗ್ರಾಂ) ರಿಕ್ವೆಸ್ಟ್ ನೋಡಲು ಸಾಧ್ಯವೇ? ಎಲ್ಲವನ್ನೂ ಲಾಗ್ ಮಾಡಿಡಬಹುದೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಹೊರಗಿನ ಪೋರ್ಟಿನಲ್ಲಿ ಕಾಣುವುದು ಗೂಢಲಿಪೀಕರಿಸಿದ ಬೈಟ್‌ಗಳು ಮಾತ್ರ. ನಿಮ್ಮ ಆ್ಯಪ್‌ನ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದು ಅದು ಒಳಗಿನ ಪೋರ್ಟಿಗೆ ಸಾದಾ ಎಚ್‌ಟಿಟಿಪಿಯಲ್ಲಿ ಕಳಿಸುತ್ತಿದ್ದರೆ, ಆ ಒಳಗಿನ ದಾರಿಯಲ್ಲಿ ಓದಬಹುದು. ಆದರೆ ಅಲ್ಲಿಗೆ ತಲುಪುವಷ್ಟರಲ್ಲಿ ಎಂಜಿನ್‌ಎಕ್ಸ್ ಕೆಲವು ಹೆಡರ್‌ಗಳನ್ನು ಬದಲಿಸಿರುತ್ತದೆ ಎಂಬುದು ನೆನಪಿರಲಿ. ಎಲ್ಲವನ್ನೂ ಲಾಗ್ ಮಾಡಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಕುಕೀ ಮತ್ತು ಆಥರೈಸೇಶನ್ ಹೆಡರ್‌ಗಳನ್ನು ಕಂಡವರು ಬಳಕೆದಾರರ ಹೆಸರಿನಲ್ಲಿ ಒಳಹೊಗಬಲ್ಲರು, ಲಾಗಿನ್ ಫಾರಂನ ಬಾಡಿಯಲ್ಲಂತೂ ಪಾಸ್‌ವರ್ಡ್ ಹಾಗೆಯೇ ಇರುತ್ತದೆ. ತೊಂದರೆ ಕೊಡುತ್ತಿರುವ ಒಂದು ಪಾತ್‌ಗೆ ಮಾತ್ರ, ಈ ಹೆಡರ್‌ಗಳನ್ನು ಮರೆಮಾಡಿ ಲಾಗ್ ಮಾಡಿ. ದೋಷ ಸಿಕ್ಕಿದ ದಿನವೇ ಕಡತವನ್ನು ಅಳಿಸಿ.